ಯಾರೂ ಒಯ್ಯದೆ ಉಳಿದ ಬಟ್ಟೆಗಳು

ಆ ಬೀದಿಯ ದರ್ಜಿಯ ಕೈಕೆಲಸಕ್ಕೆ ಯಾರೂ ಹೆಸರಿಡುವಂತಿರಲಿಲ್ಲ. ಆದರೆ ಹೇಳಿದ ದಿನಕ್ಕೆ ಬಟ್ಟೆ ಕೊಡುವುದೊಂದು ಮಾತ್ರ ಅವನ ಹಣೆಯಲ್ಲಿ ಬರೆದಿರಲಿಲ್ಲ. ಮೂವತ್ತೆಂಟು ವರ್ಷ ‘ನಾಳೆ ಬನ್ನಿ’ ಎಂದು ಹೇಳಿ ಹೇಳಿ ‘ನಾಳೆ ಮಾಸ್ತರ’ ಎಂಬ ಹೆಸರೇ ಅಂಟಿಕೊಂಡಿತ್ತು. ಕಾದು ಸುಸ್ತಾದ ಕೆಲವರು ಬಟ್ಟೆಯ ಆಸೆಯನ್ನೇ ಬಿಟ್ಟಿದ್ದರು. ಅಂಗಡಿ ಮುಚ್ಚಿದ ಮೇಲೆ ಆ ಬಟ್ಟೆಗಳೆಲ್ಲ ಮನೆಯ ಹಿಂದಿನ ಕೋಣೆ ಸೇರಿದವು. ಜೊತೆಗೆ ಚೂರುಬಟ್ಟೆಯ ಗಂಟುಗಳು, ಗುಂಡಿಯ ಡಬ್ಬಿಗಳು, ಕೆಟ್ಟುಹೋದ ಎರಡು ಹೊಲಿಗೆ ಯಂತ್ರಗಳು. ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಒಳಗೆ ಹೋಗಬೇಕಾದವರು ಹೊಟ್ಟೆ ಎಳೆದುಕೊಂಡು ಅಡ್ಡಡ್ಡ ನುಸುಳಬೇಕಿತ್ತು.

ಹೀಗಿರುವಾಗ ಮಗಳಿಗೆ ಅದೇ ಊರಿಗೆ ವರ್ಗವಾಯಿತು. ಎಂಟು ದಿನದಲ್ಲಿ ಬರುತ್ತೇನೆ, ಹಿಂದಿನ ಕೋಣೆ ನನಗೆ ಸಾಕು ಎಂದು ಫೋನಿನಲ್ಲಿ ಹೇಳಿದಳು. ಮರುದಿನ ಬೆಳಿಗ್ಗೆಯೇ ಹೆಂಡತಿ ತಲೆಗೆ ಬಟ್ಟೆ ಕಟ್ಟಿ ಪೊರಕೆ ಹಿಡಿದಳು. ಇಡುವುದೊಂದು ರಾಶಿ, ಕೊಡುವುದೊಂದು, ಎಸೆಯುವುದೊಂದು. ಅವಳು ಅಡುಗೆಮನೆಗೆ ಹೋದಾಗಲೆಲ್ಲ ಎಸೆಯುವ ರಾಶಿ ಸೊರಗಿ, ಇಡುವ ರಾಶಿ ಮೈ ತುಂಬಿಕೊಳ್ಳುತ್ತಿತ್ತು. ಮೂರನೆಯ ಸಲ ಅವಳು ಸದ್ದಿಲ್ಲದೆ ಬಂದಾಗ ಮಾಸ್ತರ ಒಂದು ಹರಿದ ಕಾಲರಿನ ಸಮೇತ ಸಿಕ್ಕಿಬಿದ್ದ. ಮುಂದೆಂದಾದರೂ ಬೇಕಾದೀತು ಎಂದು ಗೊಣಗಿದ. ಹಾಗಾದರೆ ಕೋಣೆಯಲ್ಲಿ ಕಾಲರೇ ಮಲಗಲಿ, ಮಗಳು ಜಗಲಿಯಲ್ಲಿ ಮಲಗುತ್ತಾಳೆ ಎಂದಳು ಅವಳು. ಅವನು ಕಾಲರನ್ನು ಎಸೆಯುವ ರಾಶಿಗೆ ಹಾಕಿದ.

ಚೂರುಬಟ್ಟೆ ದಿಂಬು ತುಂಬುವವನ ಪಾಲಾಯಿತು. ಯಂತ್ರಗಳನ್ನು ರಿಪೇರಿಯವನು ಒಯ್ದ. ಉಳಿದದ್ದು ಹೊಲಿದು ಮುಗಿಸಿದ ನಲವತ್ತಮೂರು ಉಡುಪು. ಒಂದೊಂದಕ್ಕೂ ಗುಂಡುಸೂಜಿಯಲ್ಲಿ ಚುಚ್ಚಿದ ಅಳತೆ ಚೀಟಿ. ಇವನ್ನೂ ಹಳೇ ಬಟ್ಟೆಯವನಿಗೆ ಹಾಕಿಬಿಡೋಣ ಎಂದು ಈ ಸಲ ಅವನೇ ಹೇಳಿದ. ಹೆಂಡತಿ ಒಪ್ಪಲಿಲ್ಲ.

“ಇವು ನಮ್ಮವಲ್ಲಾರೀ. ಇಟ್ಕೊಳ್ಳೋಕೂ ನಮಗೆ ಹಕ್ಕಿಲ್ಲ, ಎಸೆಯೋಕೂ ಇಲ್ಲ. ಯಾರದ್ದೋ ಅವರಿಗೆ ಕೊಟ್ಟು ಬನ್ನಿ.”

“ಇಷ್ಟು ವರ್ಷ ಆದ್ಮೇಲೆ ಯಾವ ಮುಖ ಹೊತ್ಕೊಂಡು ಹೋಗ್ಲಿ?”

“ಇರೋದನ್ನೇ ಹೊತ್ಕೊಂಡು ಹೋಗಿ.”

ಸೈಕಲ್ಲಿಗೆ ಎರಡು ಚೀಲ ತೂಗುಹಾಕಿ ಹೊರಟ. ಮೊದಲು ನಿವೃತ್ತ ಅಂಚೆಯವನ ಮನೆ. ಅವನಿಗೆಂದು ಹೊಲಿದಿದ್ದ ಪ್ಯಾಂಟು ಈಗ ಅವನ ಒಂದು ತೊಡೆಗೆ ಸರಿಹೋಗುವಂತಿತ್ತು. ಅವನು ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ನನಗೂ ಒಂದು ಕಾಲದಲ್ಲಿ ಸೊಂಟ ಅಂತ ಇತ್ತು ನೋಡೇ ಎಂದು ಹೆಂಡತಿಯನ್ನು ಕರೆದು ತೋರಿಸಿದ. ಮಾಸ್ತರನಿಗೆ ಹೋದ ಜೀವ ಬಂತು. ಲಾರಿ ಚಾಲಕನ ಮನೆಯಲ್ಲಿ ಅಂಗಿ ತೊಡುವವನೇ ಬದುಕಿರಲಿಲ್ಲ. ಅವನ ಹೆಂಡತಿ ತೋಳನ್ನು ಬಿಡಿಸಿ ಗೇಣು ಹಾಕಿ ನೋಡಿದಳು. ತೋಳಿನ ಉದ್ದ ಅವರದೇ ಎಂದಳು, ಅಂಗಿಯನ್ನು ಮಡಿಲಲ್ಲಿಟ್ಟುಕೊಂಡಳು.

ಏಳನೆಯ ದಿನಕ್ಕೆ ಉಳಿದದ್ದು ಒಂದು ಕೆಂಪು ಫ್ರಾಕು. ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದ. ಚೀಟಿಯಲ್ಲಿ ‘ಬುಧವಾರ ಬೇಕೇ ಬೇಕು’ ಎಂದು ಬರೆದು ಎರಡು ಗೆರೆ ಎಳೆದಿತ್ತು. ಆರು ವರ್ಷದ ಹುಡುಗಿ ಗುರುವಾರ ಶಾಲೆಯ ವೇದಿಕೆಯಲ್ಲಿ ಕುಣಿಯುವವಳಿದ್ದಳು. ಫ್ರಾಕು ಮುಗಿದದ್ದು ಶುಕ್ರವಾರ. ಆ ಹುಡುಗಿ ಈಗ ಚಿತ್ರಕಲೆಯ ಟೀಚರು, ಏಳು ವರ್ಷದ ಮಗಳ ತಾಯಿ. ಬಾಗಿಲು ತೆರೆದವಳು ಫ್ರಾಕನ್ನು ನೋಡಿದಳು, ಅವನನ್ನು ನೋಡಿದಳು.

“ಅವತ್ತು ನಿಮ್ಮ ಅಂಗಡಿ ಮೆಟ್ಟಿಲ ಮೇಲೆ ಕೂತು ಅತ್ತಿದ್ದೆ. ನೆನಪಿದೆಯಾ?”

ಕರೆಂಟು ಹೋಯಿತು, ದಾರ ಸಿಗಲಿಲ್ಲ, ಜ್ವರ ಬಂದಿತ್ತು ಎಂಬ ನೆಪಗಳೆಲ್ಲ ಅವನ ನಾಲಿಗೆಯ ತುದಿಯಲ್ಲೇ ಇರುತ್ತಿದ್ದವು. ಈಗ ಒಂದೂ ಬರಲಿಲ್ಲ.

“ನೆನಪಿದೆ. ತಪ್ಪು ನಂದೇ ಕಣಮ್ಮ. ಯಾರು ಬಂದ್ರೂ ಹೂಂ ಅಂದ್ಬಿಡ್ತಿದ್ದೆ. ಆಗಲ್ಲ ಅನ್ನೋಕೆ ನನಗೆ ಬಾಯೇ ಬರ್ತಿರಲಿಲ್ಲ.”

ಅವಳು ಉತ್ತರಿಸುವ ಮೊದಲೇ ಮಗಳು ಫ್ರಾಕನ್ನು ಕಸಿದು, ಹಾಕಿಕೊಂಡ ಬಟ್ಟೆಯ ಮೇಲೆಯೇ ತೊಟ್ಟು ಗಿರಗಿರನೆ ತಿರುಗತೊಡಗಿದ್ದಳು. ಭುಜ ಬಿಗಿಯುತ್ತಿತ್ತು. ಮಾಸ್ತರ ಸೂಜಿ ದಾರ ಕೇಳಿ ಹೊಸ್ತಿಲ ಬಳಿಯೇ ಕೂತು ಹೊಲಿಗೆ ಬಿಚ್ಚಿದ. ಅಂದು ಹೊಲಿಗೆಯ ಒಳಗೆ ಎರಡು ಬೆರಳಗಲ ಬಟ್ಟೆ ಬಿಟ್ಟಿದ್ದು ಈಗ ಕೆಲಸಕ್ಕೆ ಬಂತು. ಟೀಚರು ಚಹಾ ತಂದಿಟ್ಟು ಪಕ್ಕದಲ್ಲೇ ಕೂತಳು. ಹುಡುಗಿ ಜೇಬು ಬೇಕೆಂದು ಹಠ ಹಿಡಿದಳು.

“ಆಗಲ್ಲ ಮರಿ,” ಎಂದ ಮಾಸ್ತರ. “ಈ ಬಟ್ಟೆಗೆ ಜೇಬು ನಿಲ್ಲಲ್ಲ.”

ಮನೆಗೆ ಬಂದಾಗ ಹೆಂಡತಿ ಹಿಂದಿನ ಕೋಣೆಯಲ್ಲಿ, ಆ ಬಟ್ಟೆಗಳನ್ನೆಲ್ಲ ತುಂಬಿಟ್ಟಿದ್ದ ಬೀರುವನ್ನು ಒಬ್ಬಳೇ ನೂಕುತ್ತಿದ್ದಳು. ಇಬ್ಬರೂ ಸೇರಿ ಸರಿಸಿದರೆ ಅದರ ಹಿಂದೊಂದು ಕಿಟಕಿ! ಮಾಸ್ತರ ಹೆಗಲು ಕೊಟ್ಟು ತಳ್ಳಿದಾಗ ಅದು ಧಡಾರನೆ ತೆರೆದುಕೊಂಡಿತು. ಆಚೆ ಬಟ್ಟೆ ಒಣಗಹಾಕುತ್ತಿದ್ದ ಪಕ್ಕದ ಮನೆಯಾಕೆ ಬೆಚ್ಚಿಬಿದ್ದು, ಇಲ್ಲೊಂದು ಕಿಟಕಿ ಇತ್ತಾ ಎಂದು ಕೇಳಿದಳು. ನಮಗೂ ಈಗಲೇ ನೆನಪಾಗಿದ್ದು ಎಂದಳು ಹೆಂಡತಿ. ಹೆಂಗಸರಿಬ್ಬರೂ ಕಿಟಕಿಗೆ ಒರಗಿ ಮಾತಿಗೆ ನಿಂತರು. ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಮಾಸ್ತರ ಆ ಕೋಣೆಯ ನಟ್ಟನಡುವೆ ಚಾಪೆ ಹಾಸಿ, ಎರಡೂ ಕೈ ಚಾಚಿ ಮಲಗಿದ. ಬೆರಳಿಗೆ ಏನೂ ತಾಗಲಿಲ್ಲ. ಒಳಗೆ ಬಂದ ಗಾಳಿಗೆ ಕಣ್ಣು ಹತ್ತಿತು.