ಎದುರಿಗಿದ್ದರೂ ಸಿಗದ ಫೈಲು

ಮೊನ್ನೆ ಅಮ್ಮನಿಗೆ ಇನ್ಸುಲಿನ್ ತರಲು ಹೋಗಿದ್ದೆ. ಮೆಡಿಕಲ್ ಶಾಪಿನವರು ಫ್ರಿಜ್‌ನಿಂದ ತೆಗೆದುಕೊಟ್ಟ ಡಬ್ಬಿಯಲ್ಲಿ ಒದ್ದೆ ರಟ್ಟಿನ ವಾಸನೆ... ನೆಲಮಂಗಲದ ಔಷಧಿ ಗೋದಾಮಿನಲ್ಲಿ ನನ್ನ ಜೊತೆಗಿದ್ದ, ನಾನು ಅಕ್ಕ ಎಂದು ಕರೆಯುತ್ತಿದ್ದ ಸಹೋದ್ಯೋಗಿ ನೆನಪಾದರು.

ಗೋದಾಮಿನ ಕಂಪ್ಯೂಟರ್ ವಿಭಾಗದಲ್ಲಿದ್ದವರು ನಾವಿಬ್ಬರೇ. ಅವರು ಹಿರಿಯರು, ನಾನು ಆಗಷ್ಟೇ ಸೇರಿದ್ದೆ. ಬೇಸಿಗೆಯ ಒಂದು ಮಧ್ಯಾಹ್ನ, ದಾರಿಯಲ್ಲಿ ಕೂಲಿಂಗ್ ಕೆಟ್ಟುಹೋದ ಲಾರಿಯೊಂದು ಇನ್ಸುಲಿನ್ ತುಂಬಿಕೊಂಡು ಬಂದು ನಿಂತಿತು. ಹಳೆಯದರ ಬದಲು ಹೊಸದಾಗಿ ತಂದಿಟ್ಟ ಕಂಪ್ಯೂಟರಿನಲ್ಲಿ ಸರಕಿನ ಎಂಟ್ರಿ ಮಾಡುವ ನಮ್ಮ ಪ್ರೋಗ್ರಾಂ ಮಾತ್ರ ತೆರೆಯುತ್ತಿರಲಿಲ್ಲ. ಕೋಲ್ಡ್ ರೂಮಿನ ತಾಪಮಾನ ಓದುವ, ಡಿಎಲ್ಎಲ್ ಎಂಬ ಸಹಾಯಕ ಫೈಲು ಸಿಗುತ್ತಿಲ್ಲ ಎಂಬ ಎರರ್. ಫೋಲ್ಡರ್ ತೆರೆದರೆ ಆ ಫೈಲು ಕಣ್ಣೆದುರೇ ಇತ್ತು. ಮತ್ತೆ ಕಾಪಿ ಮಾಡಿದೆ. ಹೆಸರಿನ ಒಂದೊಂದು ಅಕ್ಷರ ನೋಡಿದೆ. ಅದೇ ಎರರ್. ಬೆರಳು ಬೆವರಿ ಮೌಸ್ ಜಾರುತ್ತಿತ್ತು.

"ಸಿಸ್ಟಮ್‌ನಲ್ಲಿ ಎಂಟ್ರಿ ಆಗ್ದೆ ಒಂದು ಬಾಕ್ಸೂ ಒಳಗೆ ಹೋಗಂಗಿಲ್ಲ," ಎಂದರು ಮ್ಯಾನೇಜರ್. ಲಾರಿ ಬಿಸಿಲಲ್ಲೇ ನಿಂತಿತ್ತು.

ಅಕ್ಕ ಎದ್ದರು. "ಈಗ ಕೋಲ್ಡ್ ರೂಮಲ್ಲಿ ಇಡ್ಸಿ ಸಾರ್, ಬೇರೆ ಸ್ಟಾಕ್ ಜೊತೆ ಸೇರ್ದಂಗೆ ಒಂದು ಮೂಲೇಲಿ. ಎಂಟ್ರಿ ಆಮೇಲೆ ಮಾಡ್ಕೊಡ್ತೀವಿ. ಯಾರಾದ್ರೂ ಕೇಳಿದ್ರೆ ನಾನ್ ಹೇಳಿದ್ದು ಅನ್ನಿ."

ಮ್ಯಾನೇಜರ್ ಅಕ್ಕನ ಮುಖವನ್ನೇ ನೋಡಿದರು... ಕೊನೆಗೆ ಲಾರಿಯ ಬಾಗಿಲು ತೆಗೆಸಿದರು.

ಆಮೇಲೆ ಅಕ್ಕ ನನ್ನ ಪಕ್ಕ ಕುರ್ಚಿ ಎಳೆದುಕೊಂಡರು. "ಇಲ್ದೆ ಇರೋದು ಇದಲ್ಲ ಕಣೇ. ಇದು ಕೆಲಸ ಮಾಡೋಕೆ ಇನ್ನೊಂದು ಫೈಲ್ ಬೇಕು. ಅದು ಸಿಗ್ದಿದ್ರೂ ಕಂಪ್ಯೂಟರ್ ಇದರ ಹೆಸರೇ ಹೇಳುತ್ತೆ." ಹಳೆಯ ಕಂಪ್ಯೂಟರಿಗೆ ಯಾವತ್ತೋ ಹಾಕಿದ್ದ, ಪ್ರೋಗ್ರಾಂ ಓಡಲು ಬೇಕಾದ ರನ್‌ಟೈಮ್ ಫೈಲುಗಳನ್ನು ಹೊಸದಕ್ಕೆ ಯಾರೂ ಹಾಕಿರಲಿಲ್ಲ. ಅವನ್ನು ಇನ್‌ಸ್ಟಾಲ್ ಮಾಡಿದ ಮೇಲೆ ಪ್ರೋಗ್ರಾಂ ತೆರೆಯಿತು, ತಾಪಮಾನ ಪರದೆಯ ಮೇಲೆ ಬಂತು. ಔಷಧಿ ಕೆಟ್ಟಿಲ್ಲವೆಂದು ತಿಳಿಯಲು ಇನ್ನೂ ಕೆಲವು ದಿನ ಬೇಕಾಯಿತು. ಅಲ್ಲಿಯವರೆಗೆ ಅಕ್ಕನ ಕೆಲಸ ಉಳಿಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಅಂದು ಸಂಜೆ ಬಸ್ಸಿನಲ್ಲಿ ಅವರ ಪಕ್ಕ ಕೂತು ಕೇಳಿದೆ.

"ಅಷ್ಟೊತ್ತು ಭಯ ಆಗ್ಲಿಲ್ವಾ ಅಕ್ಕ?"

"ಆಗ್ದೆ ಇರುತ್ತಾ? ನೀನು ಆಗ್ಲೇ ಹೆದರಿದ್ದೆ. ಇನ್ನು ನಾನೂ ತೋರಿಸ್ಕೊಂಡ್ರೆ..." ಎಂದು ಕಿಟಕಿಯತ್ತ ತಿರುಗಿದರು.

ಕ್ಯಾನ್ಸರ್‌ನಿಂದ ಅವರು ತೀರಿಕೊಂಡು ಕೆಲವು ವರ್ಷಗಳಾದವು. ಆಸ್ಪತ್ರೆಯಲ್ಲೂ ಏನನ್ನೂ ತೋರಿಸಿಕೊಳ್ಳಲಿಲ್ಲ. ಭಯವಾಗುತ್ತಿದೆಯಾ ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ...

ಈಗ ಅವರ ಜಾಗದಲ್ಲಿ ನಾನಿದ್ದೇನೆ. ಏನಾದರೂ ಕೆಟ್ಟಾಗ ಎಲ್ಲರೂ ನನ್ನ ಮುಖ ನೋಡುತ್ತಾರೆ. ನಾನು ಮೆಲ್ಲಗೆ ಮಾತಾಡುತ್ತೇನೆ. ಸಂಜೆ ಬಸ್ಸಿನಲ್ಲಿ ಪಕ್ಕದಲ್ಲಿ ಯಾರೋ ಅಪರಿಚಿತರು ಕೂತಿರುತ್ತಾರೆ. ಇವತ್ತು ತುಂಬ ಭಯವಾಯಿತು ಎಂದು ಅವರಿಗೆ ಹೇಳಲಾಗುವುದಿಲ್ಲ.