ಉಲ್ಕೆಗೊಂದು ನೋಟಿಸ್

ಸ್ನೇಹಿತರೇ, ಇವತ್ತು ಕತ್ತಲಾಗುತ್ತಿದ್ದಂತೆ ಉಪ್ಪುಂದದ ಕಡಲ ಮೇಲೆ ದೊಡ್ಡದೊಂದು ಉಲ್ಕೆ ಉರಿದು ಹೋಯಿತು. ತಲೆ ಬಗ್ಗಿಸಿ ಬಲೆ ಕಟ್ಟುತ್ತಿದ್ದ ನಮ್ಮ ನಾಡದೋಣಿಯವರ ಮುಖಂಡ ಮಂಜಣ್ಣ ಕಂಡದ್ದು ನೀರಿನ ಮೇಲಿನ ಬೆಳಕನ್ನಷ್ಟೇ.

"ಲೈಟ್ ಫಿಶಿಂಗ್ ಬೋಟ್!" ಎಂದು ಕೂಗಿದರು. ಪ್ರಖರ ದೀಪ ಉರಿಸಿ ಮೀನು ಸೆಳೆದು ಹಿಡಿಯುವುದಕ್ಕೆ ನಿಷೇಧವಿದ್ದರೂ ಇಲ್ಲಿ ಅದು ನಿತ್ಯದ ಕತೆ.

"ಹ್ವಾಯ್, ಅದ್ ಆಕಾಶ್ದಗೆ ಹೋದ್ದ್ ಮಾರಾಯ್ರೆ" ಎಂದೆ.

"ನಲ್ವತ್ತ್ ವರ್ಷ ಕಡ್ಲಗೆ ದುಡ್ದವ ನಾನ್. ನಂಗ್ ಕಲ್ಸುಕೆ ಬರ್ಬೇಡ" ಎಂದವರೇ ಮೀನುಗಾರಿಕೆ ಇಲಾಖೆಯ ಅಧಿಕಾರಿಗೆ ಫೋನ್ ಹಚ್ಚಿದರು.

ಆ ಮಹಾಶಯರು ಕಿಟಕಿಯಾಚೆಗೂ ನೋಡಲಿಲ್ಲ. "ಬೋಟಿನ ನಂಬರ್ ಕೊಡಿ, ನೋಟಿಸ್ ಕಳಿಸ್ತೇವೆ" ಎಂದರು.

ನಾವು ಫೋಟೋ ಸಮೇತ ನಂಬರ್ ಕೊಟ್ಟ ಬೋಟುಗಳೆಲ್ಲ ಈಗಲೂ ಝಗಮಗಿಸುತ್ತ ಮೀನು ಬಾಚುತ್ತಿವೆ. ಈ ವರ್ಷ ನಮ್ಮ ಕಡಲಲ್ಲಿ ಆರಿದ ಲೈಟ್ ಆ ಉಲ್ಕೆಯದ್ದೊಂದೇ.