ಮೂರು ಚೀಟಿಯಲ್ಲೂ ಮದ್ರಾಸು

ಇದನ್ನು ಓದಿ ಯಾರಾದರೂ ನಕ್ಕರೆ ನನಗೆ ಬೇಸರವಿಲ್ಲ. ಇಂಥ ಮಾತು ಕೇಳಿ ನಾನೂ ನಗುತ್ತಿದ್ದವಳೇ. ಮತ್ತಿಕೆರೆಯ ನಮ್ಮ ಬೀದಿಯ ಹೆಂಗಸರು ಬಾವಿಯ ಹತ್ತಿರ ನಿಂತು, ಸತ್ತ ಅತ್ತೆ ಕನಸಿಗೆ ಬಂದು ಸೀರೆ ಕೇಳಿದಳು ಎಂದರೆ, ನಾನು ಕೊಡ ತುಂಬಿಸಿಕೊಂಡು ಬಾಯಿ ಮುಚ್ಚಿಕೊಂಡು ಬರುತ್ತಿದ್ದೆ. ಮನೆಗೆ ಬಂದ ಮೇಲೆ ನಗುತ್ತಿದ್ದೆ. ಮದುವೆಗೆ ಮುಂಚೆ ಯಲಹಂಕದಲ್ಲಿ ಮಕ್ಕಳಿಗೆ ಪಾಠ ಹೇಳಿದವಳು, ಕಣ್ಣಿಗೆ ಕಂಡದ್ದನ್ನು ಮಾತ್ರ ನಂಬಬೇಕು ಎನ್ನುವ ಜಂಬ ಇತ್ತು. ತೊಂದರೆ ಏನೆಂದರೆ, ಈಗ ಹೇಳಹೊರಟಿರುವುದು ನಾನು ಕಣ್ಣಾರೆ ಕಂಡದ್ದು.

ನನಗೆ ಮದುವೆಯಾದದ್ದು ಮೂವತ್ತು ದಾಟಿದ ಮೇಲೆ. ನಮ್ಮ ಯಜಮಾನರು ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುಮಾಸ್ತರು. ಅವರ ಮೊದಲ ಹೆಂಡತಿ ಜಾನಕಿ ತೀರಿಕೊಂಡು ಆಗಲೇ ಆರು ವರ್ಷವಾಗಿತ್ತು. ನಾನು ಬಂದಾಗ ಮಗ ನಾಗರಾಜನಿಗೆ ಹದಿನೈದು, ಮಗಳು ವಿಮಲಳಿಗೆ ಹನ್ನೊಂದು. ಮಕ್ಕಳು ಒಳ್ಳೆಯವರು. ಚಿಕ್ಕಮ್ಮ ಎಂದು ಬಾಯ್ತುಂಬ ಕರೆದರು, ಮಾಡಿ ಹಾಕಿದ್ದನ್ನು ಉಂಡರು, ಎದುರು ಮಾತಾಡಲಿಲ್ಲ. ಆದರೂ ನನ್ನ ಹೊಟ್ಟೆಯೊಳಗೆ ಒಂದು ಉರಿ ಆರಲೇ ಇಲ್ಲ. ಬದುಕಿರುವ ಸವತಿಯಾದರೆ ಜಗಳವಾಡಬಹುದು. ಸತ್ತವಳ ಜೊತೆ ಏನು ಮಾಡುವುದು? ಅವಳಿಗೆ ವಯಸ್ಸಾಗುವುದಿಲ್ಲ, ಕೋಪ ಬರುವುದಿಲ್ಲ, ಅವಳ ಸಾರಿಗೆ ಉಪ್ಪು ಹೆಚ್ಚಾಗುವುದಿಲ್ಲ. ಪ್ರತಿ ಶುಕ್ರವಾರ ಅವಳ ಪಟಕ್ಕೆ ನಾನೇ ಹೂವು ಮುಡಿಸುತ್ತಿದ್ದೆ. ನೋಡಿದವರು ಎಷ್ಟು ದೊಡ್ಡ ಮನಸ್ಸು ಎನ್ನುತ್ತಿದ್ದರು. ನನ್ನ ಮನಸ್ಸು ಎಷ್ಟು ದೊಡ್ಡದು ಎಂದು ನನಗೆ ಗೊತ್ತಿತ್ತು.

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾಗರಾಜ ಕೆಲಸಕ್ಕೆ ಸೇರಿದ್ದ. ವಿಮಲಳಿಗೆ ಶಿವಮೊಗ್ಗದ ಕಡೆ ಗಂಡು ಗೊತ್ತಾಗಿತ್ತು. ಅವರೆಕಾಯಿಯ ಕಾಲ. ಒಂದು ಭಾನುವಾರ ಮಧ್ಯಾಹ್ನ ನಡುಮನೆಯಲ್ಲಿ ಎಲ್ಲರೂ ಕೂತು ಕಾಯಿ ಸುಲಿಯುತ್ತಿದ್ದಾಗ ಯಜಮಾನರು, "ಮುಂದಿನ ಶನಿವಾರ ರಜ ಹಾಕ್ತೀನಿ. ಎರಡು ದಿನ ನಾವು ನಾಲ್ಕೇ ಜನ ಯಾವ್ದಾದ್ರೂ ಊರು ನೋಡ್ಕೊಂಡು ಬರೋಣ. ಆಮೇಲೆ ಇವಳೆಲ್ಲೋ ನಾವೆಲ್ಲೋ," ಎಂದರು.

ನಾನು ತಡಮಾಡದೆ ಮದ್ರಾಸು ಎಂದೆ. ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ಸಮುದ್ರ ಬರೆದು ತೋರಿಸಿದವಳು, ಸಮುದ್ರವನ್ನು ಕಂಡಿರಲಿಲ್ಲ. ನಾಗರಾಜನಿಗೆ ಕೊಯಮತ್ತೂರಿನಲ್ಲಿ ಒಬ್ಬ ಸ್ನೇಹಿತನಿದ್ದ, ಅಲ್ಲಿಗೇ ಹೋಗೋಣ ಎಂದ. ವಿಮಲ ಕಾಯಿ ಸುಲಿಯುತ್ತಲೇ ಮೆಲ್ಲಗೆ, "ಮೈಸೂರಿಗೆ ಹೋಗೋಣ ಅಪ್ಪಾ," ಎಂದಳು.

ಆ ಹೆಸರು ಕೇಳಿದ್ದೇ ನನ್ನ ಮೈಯೆಲ್ಲ ಬಿಸಿಯಾಯಿತು. ಜಾನಕಿ ಗಂಡ ಮಕ್ಕಳ ಜೊತೆ ಹೋಗಿಬಂದಿದ್ದ ಒಂದೇ ಒಂದು ಊರು ಮೈಸೂರು. ಮೃಗಾಲಯದಲ್ಲಿ ಕೋತಿ ನಾಗರಾಜನ ಟೋಪಿ ಕಿತ್ತುಕೊಂಡದ್ದು, ಜಾನಕಿ ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟದ್ದು, ಆ ಕತೆಯನ್ನು ಎಂಟು ವರ್ಷದಲ್ಲಿ ನೂರು ಸಲವಾದರೂ ಕೇಳಿದ್ದೆ. ಕೇಳಿದಾಗಲೆಲ್ಲ ನಾನೂ ನಕ್ಕಿದ್ದೆ. ಆ ಕತೆಯೊಳಗೆ ನನಗೆ ನಿಲ್ಲಲು ಒಂದು ಗೇಣು ಜಾಗವೂ ಇರಲಿಲ್ಲ.

ಮಾತು ಬೆಳೆಯಿತು. ಕೊನೆಗೆ ಯಜಮಾನರು ಬೇಸತ್ತು, "ಚೀಟಿ ಎತ್ತೋಣ. ಯಾವ ಊರು ಬರುತ್ತೋ ಆ ಊರು. ಯಾರೂ ಮುಖ ಊದಿಸ್ಕೋಬಾರ್ದು," ಎಂದರು. ನನ್ನ ಕಡೆ ತಿರುಗಿ, "ನೀನೇ ಬರಿ, ನಿನ್ನ ಅಕ್ಷರ ದುಂಡಗಿದೆ," ಎಂದರು.

ಅಡುಗೆಮನೆಗೆ ಹೋದೆ. ಕ್ಯಾಲೆಂಡರಿನ ಹಳೆಯ ಹಾಳೆಯನ್ನು ಮೂರು ತುಂಡು ಮಾಡಿ, ಪೆನ್ಸಿಲಿನಿಂದ ಮೊದಲನೆಯದರಲ್ಲಿ ಮದ್ರಾಸು ಎಂದು ಬರೆದೆ. ಎರಡನೆಯದರಲ್ಲಿ ಮೈಸೂರು ಎಂದೇ ಬರೆಯಬೇಕೆಂದಿದ್ದೆ. 'ಮ' ಬರೆದು ಒಂದು ಕ್ಷಣ ನಿಲ್ಲಿಸಿದೆ. ಆಮೇಲೆ ಅದನ್ನೂ ಮದ್ರಾಸು ಮಾಡಿದೆ. ಮೂರನೆಯದಕ್ಕೆ ಯೋಚಿಸಲೂ ಇಲ್ಲ. ಮೂರನ್ನೂ ಮಡಿಸಿ ಹಿತ್ತಾಳೆ ಲೋಟಕ್ಕೆ ಹಾಕಿಕೊಂಡು ನಡುಮನೆಗೆ ಬಂದೆ. ಐದು ಹೆಜ್ಜೆಯ ದಾರಿ. ಒಳಗೆ ಯಾರೂ ಬಂದಿರಲಿಲ್ಲ, ಲೋಟ ನನ್ನ ಕೈಬಿಟ್ಟಿರಲಿಲ್ಲ.

ಮದುವಣಗಿತ್ತಿ ಎತ್ತಲಿ ಎಂದು ಲೋಟವನ್ನು ವಿಮಲಳ ಮುಂದೆ ಹಿಡಿದೆ. ಅವಳು ಅವರೆಯ ಸೊಗಡು ಹತ್ತಿದ ಬಲಗೈಯನ್ನು ಸೆರಗಿಗೆ ಒರೆಸಿಕೊಂಡು, ಕಣ್ಣು ಮುಚ್ಚಿ ಒಂದನ್ನು ಎತ್ತಿದಳು. ಎಡಗೈಯ ತುಂಬ ಕಾಳಿತ್ತು. ಮದ್ರಾಸು ಎಂದೊಡನೆ ಹೇಗೆ ಆಶ್ಚರ್ಯಪಡಬೇಕು ಎಂದು ನಾನು ಮುಖ ಸಿದ್ಧಮಾಡಿಕೊಳ್ಳುತ್ತಿದ್ದೆ.

"ಮೈಸೂರು," ಎಂದಳು ವಿಮಲ.

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡೆ. ನಾಗರಾಜ ಬಗ್ಗಿ ನೋಡಿ, "ಹೂಂ, ಮೈಸೂರೇ," ಎಂದ. ನಾನು ಚೀಟಿಯನ್ನು ಅವಳ ಕೈಯಿಂದ ತೆಗೆದುಕೊಂಡು ನೋಡಿದೆ. ಅದೇ ಕ್ಯಾಲೆಂಡರಿನ ಕಾಗದ, ಅದೇ ಪೆನ್ಸಿಲು. ಅಕ್ಷರ ಮಾತ್ರ ನನ್ನದಲ್ಲ. 'ಮಯ್ಸೂರು' ಎಂದು ಬರೆದಿತ್ತು.

ಇಲ್ಲಿ ಒಂದು ಪುಸ್ತಕದ ವಿಷಯ ಹೇಳಬೇಕು. ಜಾನಕಿ ಅಡುಗೆಯ ಅಳತೆಗಳನ್ನು ಬರೆದಿಟ್ಟಿದ್ದ ಒಂದು ನೋಟ್ ಪುಸ್ತಕ ಅಡುಗೆಮನೆಯ ಗೂಡಿನಲ್ಲಿತ್ತು. ಅವಳು ಹೆಚ್ಚು ಓದಿದವಳಲ್ಲ. ಅದರಲ್ಲಿದ್ದ ತಪ್ಪುಗಳನ್ನು ಹುಡುಕಿ ಹುಡುಕಿ ಓದುವುದು ನನ್ನ ಒಂದು ಕಳ್ಳಸುಖವಾಗಿತ್ತು. ಅದರಲ್ಲಿ ಒಂದು ಪುಟದ ಮೇಲೆ 'ಮಯ್ಸೂರು ಪಾಕು' ಎಂದಿತ್ತು. ಎಡಕ್ಕೆ ವಾಲಿದ ಆ ಅಕ್ಷರ, 'ಸೂ'ಗೆ ಎಳೆದ ಆ ಉದ್ದನೆಯ ಬಾಲ, ನನಗೆ ನನ್ನ ಕೈಬರಹಕ್ಕಿಂತ ಚೆನ್ನಾಗಿ ಗೊತ್ತಿತ್ತು.

ಯಜಮಾನರು ಕೈ ಚಾಚಿದರು. ಕೊಡದೆ ವಿಧಿಯಿರಲಿಲ್ಲ. ಅವರು ಒಂದು ಪದ ಓದಲು ಬೇಕಾದದ್ದಕ್ಕಿಂತ ಬಹಳ ಹೊತ್ತು ಅದನ್ನು ನೋಡಿದರು. ಆಮೇಲೆ ತಲೆಯೆತ್ತಿ, "ನೀನೇ ಬರೆದ್ಯಾ?" ಎಂದರು.

"ಹೂಂ," ಎಂದೆ.

ಮತ್ತೇನು ಹೇಳಲಿ? ಅವರು ಚೀಟಿ ಮಡಿಸಿ ಜೇಬಿಗೆ ಹಾಕಿಕೊಂಡರು. ನಾನು ಲೋಟ ಹಿಡಿದು ಒಳಗೆ ಹೋಗಿ ಉಳಿದ ಎರಡನ್ನೂ ಬಿಚ್ಚಿದೆ. ಎರಡರಲ್ಲೂ ನನ್ನ ದುಂಡಗಿನ ಅಕ್ಷರದಲ್ಲಿ ಮದ್ರಾಸು. ಎರಡನ್ನೂ ಒಲೆಗೆ ತುರುಕಿದೆ. ಮಾರನೆಯ ದಿನ ಬಟ್ಟೆ ನೆನೆಹಾಕುವಾಗ ಅವರ ಜೇಬು ತಡಕಿದೆ, ಚೀಟಿ ಇರಲಿಲ್ಲ. ಏನು ಮಾಡಿದಿರಿ ಎಂದು ಕೇಳಲು ನನಗೆ ಬಾಯಿರಲಿಲ್ಲ. ಕೇಳಿದರೆ ನನ್ನ ಕಳ್ಳತನವೂ ಹೊರಗೆ ಬರುತ್ತಿತ್ತು.

ಮೈಸೂರಿಗೆ ಹೋದೆವು. ಎರಡು ದಿನವೂ ನಾನು ಅರಮನೆ ನೋಡಲಿಲ್ಲ, ಅವರ ಮುಖಗಳನ್ನು ನೋಡಿದೆ. ಯಾರು ಎಲ್ಲಿ ಅವಳನ್ನು ನೆನೆಯುತ್ತಾರೆ ಎಂದು ಕಾದೆ. ಮಾರ್ಕೆಟ್ಟಿನ ಹತ್ತಿರ ಯಜಮಾನರು ಸುಮ್ಮನೆ ನಿಂತುಬಿಟ್ಟಾಗ ತಡೆಯಲಾರದೆ, "ಆಗ ಇಲ್ಲಿಗೆ ಬಂದಿದ್ರಾ?" ಎಂದು ಕೇಳಿದೆ. "ಇಲ್ವೇ, ಚಪ್ಪಲಿ ಕಚ್ತಿದೆ," ಎಂದರು. ಮಕ್ಕಳಿಗೆ ಕೋತಿಯ ಪಂಜರ ಎಲ್ಲಿತ್ತು ಎಂಬುದೂ ನೆನಪಿರಲಿಲ್ಲ. ವಿಮಲ ಎರಡು ದಿನವೂ ನನ್ನ ಕೈ ಹಿಡಿದುಕೊಂಡೇ ಓಡಾಡಿದಳು. ಅದು ಪ್ರೀತಿಯೆಂದು ಆಗ ನನಗೆ ಹೊಳೆಯಲಿಲ್ಲ; ಗೆದ್ದವಳು ಸೋತವಳಿಗೆ ತೋರುವ ಕರುಣೆ ಎಂದುಕೊಂಡೆ.

ಆಮೇಲೆ ಇದನ್ನು ಬಿಡಿಸಲು ಏನೆಲ್ಲ ಯೋಚಿಸಿದ್ದೇನೆ. ಒಳಗಿನ ಅಪರಾಧಭಾವ ನನ್ನ ಕೈಯಿಂದಲೇ ಹಾಗೆ ಬರೆಸಿತೇ? ಹಾಗಾದರೆ ಮೂರು ಸಲ ಮದ್ರಾಸು ಬರೆದ ನೆನಪು ಇಷ್ಟು ಸ್ಪಷ್ಟವಾಗಿ ಏಕಿದೆ? ವಿಮಲ ಮೊದಲೇ ಒಂದು ಚೀಟಿ ಬರೆದಿಟ್ಟುಕೊಂಡಿದ್ದಳೇ? ಚೀಟಿಯ ಮಾತು ಬಂದಾಗಿನಿಂದ ಅವಳು ಕೂತಲ್ಲಿಂದ ಎದ್ದಿರಲಿಲ್ಲ.

ಯಜಮಾನರು ಹೋಗಿ ವರ್ಷ ತುಂಬಿದಾಗ ವಿಮಲ ಬಂದಿದ್ದಳು. ಆ ಹೊತ್ತಿಗೆ ಅವಳ ಮಕ್ಕಳೂ ದೊಡ್ಡವರಾಗಿದ್ದರು. ಇನ್ನು ತಡೆದು ಫಲವಿಲ್ಲ ಎನಿಸಿ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಮೊದಲು ಜೋರಾಗಿ ನಕ್ಕಳು. "ಮೂರರಲ್ಲೂ ಮದ್ರಾಸಾ ಚಿಕ್ಕಮ್ಮ!" ಎಂದಳು. ಆಮೇಲೆ ನಗು ನಿಲ್ಲಿಸಿ, "ನಾನು ಮೈಸೂರು ಅಂದಿದ್ದು ಅಪ್ಪಂಗೆ ಇಷ್ಟ ಆಗುತ್ತೆ ಅಂತ. ನಿಮ್ಮ ಮುಖ ನೋಡಿದ ಮೇಲೆ ಯಾಕಾದ್ರೂ ಅಂದ್ನೋ ಅನ್ನಿಸ್ತು. ದೇವ್ರಾಣೆ, ಮದ್ರಾಸೇ ಬರ್ಲಿ ಅಂತ ಬೇಡ್ಕೊಂಡು ಎತ್ತಿದ್ದೆ," ಎಂದಳು.

ಮತ್ತೆ ಅವಳೇ, "ಆ ಅಕ್ಷರ ನಿಜವಾಗ್ಲೂ ಅಮ್ಮಂದೇನಾ?" ಎಂದು ಕೇಳಿದಳು. ಅಮ್ಮ ಹೋದಾಗ ಅವಳಿಗೆ ಐದು ವರ್ಷ. ಹೌದು ಎನ್ನಲೂ ಧೈರ್ಯವಾಗಲಿಲ್ಲ, ಅಲ್ಲ ಎನ್ನಲೂ ಮನಸ್ಸು ಬರಲಿಲ್ಲ. ಗೊತ್ತಿಲ್ಲ ಕಣೇ ಎಂದೆ.

ಇವತ್ತಿಗೂ ಗೊತ್ತಿಲ್ಲ. ಸತ್ತವರು ಬರುತ್ತಾರೆ ಎಂದು ಒಪ್ಪಿಕೊಳ್ಳಲು ನನ್ನಿಂದ ಈಗಲೂ ಆಗುವುದಿಲ್ಲ. ಆದರೆ ಜಾನಕಿ ಆ ಮಧ್ಯಾಹ್ನ ನಮ್ಮ ಅಡುಗೆಮನೆಗೆ ಬಂದಿದ್ದೇ ನಿಜವಾದರೆ, ನಾನು ಬರೆದಿದ್ದ ಮೂರನ್ನೂ ಅವಳು ಓದಿದ್ದಾಳೆ. ಓದಿಯೂ ಯಾರಿಗೂ ಹೇಳಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಹೇಳದೆ ಇರುತ್ತಿರಲಿಲ್ಲ.